ಮೂರು ಸಣ್ಣ ಶೆಡ್‌ಗಳು ಸೇರಿ ಒಬ್ಬ ಅಪ್ರೆಂಟಿಸ್‌ಗೆ ಕೆಲಸ ಕಲಿಸಬಹುದಾ?

ಖಂಡಿತ ಕಲಿಸಬಹುದು ಸರ್. ನಿಮ್ಮ ಶೆಡ್‌ನಲ್ಲಿ 8 ಜನ, ಇರೋದು ಲೇಥ್ ಮತ್ತು ಮಿಲ್ಲಿಂಗ್. ಪಕ್ಕದವರ ಹತ್ತಿರ ವಿಎಂಸಿ (ಕಂಪ್ಯೂಟರ್‌ನಿಂದ ನಡೆಯೋ ಮಿಲ್ಲಿಂಗ್ ಮಷಿನ್) ಇದೆ, ಎದುರಿನವರ ಹತ್ತಿರ ಗ್ರೈಂಡಿಂಗ್. ಮೂವರೂ ಸೇರಿ ಐಟಿಐ ಮುಗಿಸಿದ ಹುಡುಗನನ್ನು ತಗೊಳ್ಳೋಕೆ ಕಾನೂನು ಒಪ್ಪುತ್ತಾ ಅಂತ ಕೇಳಿದ್ದೀರಿ.

1961ರ ಅಪ್ರೆಂಟಿಸ್ ಕಾಯ್ದೆಯ 8ನೇ ಸೆಕ್ಷನ್‌ನಲ್ಲೇ ಇದಕ್ಕೆ ದಾರಿ ಇದೆ. ಹಲವು ಮಾಲೀಕರು ತಾವೇ ಒಟ್ಟಾಗಿ, ಇಲ್ಲವೇ ಅಪ್ರೆಂಟಿಸ್‌ಶಿಪ್ ಅಡ್ವೈಸರ್ (ಈ ಕಾಯ್ದೆ ನೋಡಿಕೊಳ್ಳೋ ಸರ್ಕಾರಿ ಅಧಿಕಾರಿ) ಒಪ್ಪಿದ ಏಜೆನ್ಸಿ ಮೂಲಕ ತರಬೇತಿ ಕೊಡಬಹುದು. 30 ಜನ ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಅಪ್ರೆಂಟಿಸ್ ಇಟ್ಟುಕೊಳ್ಳೋದು ಕಡ್ಡಾಯ. 4ರಿಂದ 29 ಜನ ಇದ್ದರೆ ನಿಮ್ಮಿಷ್ಟ. ಗರಿಷ್ಠ ಮಿತಿ ಒಟ್ಟು ಕೆಲಸಗಾರರ ಶೇಕಡಾ 15, ಅಂದರೆ ನಿಮಗೆ ಒಬ್ಬ ಹುಡುಗ. ಕೇಂದ್ರದ ಎನ್‌ಎಪಿಎಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ) ಯೋಜನೆಯಲ್ಲಿ ಸ್ಟೈಪೆಂಡ್‌ನ, ಅಂದರೆ ಹುಡುಗನ ತಿಂಗಳ ಭತ್ಯೆಯ, ಶೇಕಡಾ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿವರೆಗೆ, ಸರ್ಕಾರ ಕೊಡುತ್ತದೆ.

ಕಾನೂನಿಗಿಂತ ಕಷ್ಟ ಇರೋದು ನಿಮ್ಮ ಮೂವರ ನಡುವಿನ ಮಾತುಕತೆಯಲ್ಲಿ. ನಾನೂ ಪೀಣ್ಯದಲ್ಲಿ ಸಣ್ಣ ಶೆಡ್ ನಡೆಸುವವನು, ಅಕ್ಕಪಕ್ಕದವರ ಜೊತೆ ಸೇರಿ ಹುಡುಗರಿಗೆ ಕೆಲಸ ಕಲಿಸುತ್ತೇವೆ. ನನ್ನ ಸಲಹೆ ಒಂದೇ: ಕಲಿಸೋದು ಮೂವರೂ ಕಲಿಸಿ, ಹೊಣೆ ಮಾತ್ರ ಒಬ್ಬರ ಮೇಲಿರಲಿ. ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಒಪ್ಪಂದ ಅವರ ಹೆಸರಲ್ಲಿ, ಸ್ಟೈಪೆಂಡ್ ಅವರಿಂದಲೇ. ಉಳಿದಿಬ್ಬರು ತಮ್ಮ ಪಾಲು ಅವರಿಗೆ ಕೊಡಲಿ. ಜರ್ಮನಿಯಲ್ಲಿ ಸಣ್ಣ ಕಂಪನಿಗಳು ಹೀಗೆ ಕೂಡಿ ಕಲಿಸೋದು ಹಳೇ ರೂಢಿ. ಅಲ್ಲಿನ ಕಾನೂನೂ ಇದನ್ನೇ ಕೇಳುತ್ತದೆ: ಪ್ರತಿ ಹಂತಕ್ಕೆ ಯಾರು ಹೊಣೆ, ಇಡೀ ತರಬೇತಿಗೆ ಯಾರು ಹೊಣೆ ಅನ್ನೋದು ಮೊದಲೇ ಗೊತ್ತಾಗಿರಬೇಕು.

ಯಾಕಿಷ್ಟು ಒತ್ತಿ ಹೇಳುತ್ತೇನೆ ಅಂದರೆ, ಹುಡುಗನಿಗೆ ತರಬೇತಿ ವೇಳೆ ಪೆಟ್ಟಾದರೆ 16ನೇ ಸೆಕ್ಷನ್ ಪ್ರಕಾರ ಪರಿಹಾರ ಕೊಡಬೇಕಾದವರು ಅವನ ಮಾಲೀಕರು. ಎದುರಿನ ಶೆಡ್‌ನ ಗ್ರೈಂಡಿಂಗ್ ವೀಲ್ ಒಡೆದು ಕೈಗೆ ಬಿದ್ದರೆ ಯಾರು? ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮಾತಾಡೋ ವಿಷಯ ಅಲ್ಲ ಅದು. ಇನ್ಶೂರೆನ್ಸ್ ಸೇರಿಸಿ ಎಲ್ಲವನ್ನೂ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ. ಸಹಿ ಹಾಕುವ ಮುಂಚೆ ಅಡ್ವೈಸರ್ ಕಚೇರಿಗೂ ತೋರಿಸಿ.

ಎರಡನೇ ತೊಂದರೆ ಡಿಸ್ಪ್ಯಾಚ್ ಅರ್ಜೆಂಟ್, ಅಂದರೆ ಮಾಲು ಕಳಿಸೋ ಅವಸರ. ತಿಂಗಳ ಕೊನೆಯಲ್ಲಿ ಮೂವರಿಗೂ ಕೈ ಬೇಕು. ಆಗ ಹುಡುಗ ಕಲಿಯೋದು ಬಿಟ್ಟು ಬರ್ (ಲೋಹದ ಅಂಚಿನ ಚೂಪು ಚೂರು) ತೆಗೆಯುತ್ತಾ, ಲೋಡಿಂಗ್ ಮಾಡುತ್ತಾ ಕೂರುತ್ತಾನೆ. ಅದಕ್ಕೇ ಅವನು ಏನು ಕಲಿತ ಅನ್ನೋದರ ಮೇಲೆ ಶೆಡ್ ಬದಲಾಯಿಸಿ. ಡ್ರಾಯಿಂಗ್ ಓದಿ, ಲೇಥ್‌ನಲ್ಲಿ ಒಂದು ಸ್ಟೆಪ್ ಶಾಫ್ಟ್ (ಹಂತ ಹಂತವಾಗಿ ದಪ್ಪ ಬದಲಾಗೋ ದಂಡ) ತೆಗೆದು, ಮೈಕ್ರೋಮೀಟರ್‌ನಲ್ಲಿ ಅಳೆದು ನಿಮ್ಮ ಮೇಸ್ತ್ರಿಗೆ ಒಪ್ಪಿಸಿದ ಮೇಲೆಯೇ ವಿಎಂಸಿಗೆ ಹೋಗಲಿ. ಅಲ್ಲಿ ಬಟನ್ ಒತ್ತೋದಷ್ಟೇ ಅಲ್ಲ, ಜಾಬ್ ಸೆಟ್ಟಿಂಗ್ (ತುಂಡನ್ನು ಮಷಿನ್‌ನಲ್ಲಿ ಸರಿಯಾಗಿ ಕೂರಿಸೋದು), ಆಫ್‌ಸೆಟ್ (ಟೂಲ್ ಅಳತೆಯ ಹೊಂದಾಣಿಕೆ) ಕೊಡೋದು ಬರಬೇಕು. ಒಂದೇ ಲಾಗ್‌ಬುಕ್ ಅವನ ಜೊತೆ ಮೂರೂ ಕಡೆ ಓಡಾಡಲಿ. ಕಲಿಸಿದವರೇ ಸಹಿ ಹಾಕಲಿ.

ಟ್ರೈನಿಂಗ್ ಮುಗಿದ ಮೇಲೆ ಹುಡುಗ ಯಾರ ಪಾಲಿಗೆ ಅಂತ ಜಗಳ ಬೇಡ. ಒಪ್ಪಂದದಲ್ಲಿ ಅಂಥ ಷರತ್ತು ಹಾಕದಿದ್ದರೆ ಅವನು ನಿಮ್ಮಲ್ಲೇ ಸೇರಬೇಕು ಅಂತೇನಿಲ್ಲ, ಆಯ್ಕೆ ಅವನದು. ಈ ಮಾತನ್ನು ಮೂವರೂ ಮೊದಲ ದಿನವೇ ಅವನೆದುರೇ ಹೇಳಿ. ಅವನಿಗೆ 18 ತುಂಬಿಲ್ಲದಿದ್ದರೆ ಒಪ್ಪಂದಕ್ಕೆ ಪೋಷಕರ ಸಹಿ ಬೇಕಾಗುತ್ತದೆ. ಅವರು ಬಂದಾಗ ಮೂರೂ ಶೆಡ್ ತೋರಿಸಿ, ಯಾವುದಕ್ಕೆ ಯಾರನ್ನು ಕೇಳಬೇಕು ಅಂತ ಹೇಳಿ ಕಳಿಸಿ.