2 ಜಿಬಿ ಗ್ರಾಫಿಕ್ಸ್ ಕಾರ್ಡಲ್ಲಿ 4ಕೆ ಯಕ್ಷಗಾನ ವಿಡಿಯೊ ತಡವರಿಸುತ್ತಿದೆ, ಏನು ಮಾಡಲಿ?

ಉಡುಪಿಯಲ್ಲಿ ರಾತ್ರಿಯಿಡೀ ರೆಕಾರ್ಡ್ ಮಾಡಿದ ಆಟವನ್ನು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ಹಾಕಿದರೆ ಕಾರ್ಡಿನ ಮೆಮೊರಿ ತುಂಬುತ್ತದೆ ಅಂದಿರಿ. ವಿಡಿಯೊ ಎಷ್ಟು ಗಂಟೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ರೆಸಲ್ಯೂಶನ್ ಮುಖ್ಯ. 8 ಬಿಟ್ ಬಣ್ಣದ 4ಕೆ ವಿಡಿಯೊದ ಒಂದು ಫ್ರೇಮ್ (ಒಂದು ಚಿತ್ರ) ಬಿಚ್ಚಿದರೆ ಸುಮಾರು 12 ಎಂಬಿ, 10 ಬಿಟ್ ಆದರೆ 25. ವಿಡಿಯೊ ಬಿಚ್ಚುವ ಡಿಕೋಡರ್ ಇಂಥ ಹತ್ತಾರು ಫ್ರೇಮ್ ಒಟ್ಟಿಗೆ ಇಟ್ಟುಕೊಳ್ಳಬಹುದು. 1080ಪಿಗೆ ಇದರ ಕಾಲು ಭಾಗ ಸಾಕು. ಮಾನಿಟರೇ 1080ಪಿ ಆಗಿದ್ದರೆ 4ಕೆ ಸುಮ್ನೆ ದಂಡ, ಅಲ್ವಾ? ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ಸಾಫ್ಟ್‌ವೇರ್‌ನಲ್ಲಿ 1080ಪಿಯ ಚಿಕ್ಕದೊಂದು ಪ್ರತಿ ಮಾಡಿಕೊಳ್ಳಿ.

ಅದು ಬೇಡವೆಂದರೆ ವಿಎಲ್‌ಸಿ ಪ್ರಿಫರೆನ್ಸಸ್‌ನ ಇನ್‌ಪುಟ್/ಕೋಡೆಕ್ಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ (ಗ್ರಾಫಿಕ್ಸ್ ಕಾರ್ಡೇ ವಿಡಿಯೊ ಬಿಚ್ಚುವುದು) ಡಿಸೇಬಲ್ ಮಾಡಿ. ಹೊರೆ ಸಿಪಿಯುವಿಗೆ ಹೋಗುತ್ತದೆ. ಸಿಪಿಯು ಹಳೆಯದಾದರೆ ಚೆಂಡೆಗೂ ಕುಣಿತಕ್ಕೂ ತಾಳ ತಪ್ಪೀತು. ಇದಕ್ಕೂ ಮೊದಲು ಬ್ರೌಸರ್ ಮುಚ್ಚಿ ನೋಡಿ, ಅದೂ ಜಾಸ್ತಿ ಮೆಮೊರಿ ತಿನ್ನುತ್ತದೆ. ಎಷ್ಟು ಇಳಿಯಿತು ಅಂತ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಪುಟ ತೋರಿಸುತ್ತದೆ.