ಲಂಗ್ ಟ್ರಾನ್ಸ್‌ಪ್ಲಾಂಟ್‌ಗೆ ಅಮ್ಮನನ್ನು ಸೇರಿಸುವಾಗ ಬ್ಯಾಗಿನಲ್ಲಿ ಏನೇನು ಇಟ್ಟುಕೊಳ್ಳಬೇಕು? ನಾನೊಬ್ಬಳೇ ಜೊತೆಗಿದ್ದರೆ ಸಾಕಾ?

ನಿಮ್ಮ ಪ್ರಶ್ನೆಯಲ್ಲಿ ನೀವು ಗಂಗಾವತಿಯವರು ಅಂತ ಓದಿದ ಕೂಡಲೇ ಎದೆ ಧಸಕ್ ಅಂತು. ನಮ್ಮದು ಸಿಂಧನೂರು. ಮೂರು ವರ್ಷದ ಹಿಂದೆ ನಾನೂ ಸಿಕ್ಕಸಿಕ್ಕವರಿಗೆಲ್ಲ ಇದೇ ಬ್ಯಾಗಿನ ಪ್ರಶ್ನೆ ಕೇಳಿಕೊಂಡು ಓಡಾಡಿದ್ದೆ.

ನಮ್ಮ ಅವ್ವನಿಗೆ ಐಎಲ್‌ಡಿ, ಅಂದರೆ ಶ್ವಾಸಕೋಶ ನಾರುಗಟ್ಟುವ ಕಾಯಿಲೆ. ಬಲಿತು ಒಣಗಿದ ಹೀರೆಕಾಯಿ ಒಳಗೆ ನಾರು ಇರುತ್ತಲ್ಲ, ಶ್ವಾಸಕೋಶ ಹಾಗಾಗಿತ್ತು. ಮನೆಯಲ್ಲಿ ದಿನವಿಡೀ ಆಕ್ಸಿಜನ್ ಮಷಿನ್. ಕರೆಂಟ್ ಹೋದರೆ ಸಿಲಿಂಡರ್‌ಗೆ ಓಡೋದು. ಕೊನೆಗೆ ಚೆನ್ನೈನ ಒಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿದೆವು. ದಾನಿಯ ದೇಹದಿಂದ ತೆಗೆದ ಶ್ವಾಸಕೋಶವನ್ನು ಸಾಮಾನ್ಯವಾಗಿ 4ರಿಂದ 6 ಗಂಟೆಯೊಳಗೆ ಕೂರಿಸಬೇಕು. ಸಿಂಧನೂರಿನಿಂದ ಹೊರಟರೆ ಅಷ್ಟರಲ್ಲಿ ಆಂಧ್ರ ದಾಟುವುದೂ ಕಷ್ಟ. ಹಾಗಾಗಿ ಆಸ್ಪತ್ರೆ ಹತ್ತಿರವೇ ಒಂದು ರೂಮ್ ಬಾಡಿಗೆಗೆ ಹಿಡಿದು ನಾನೂ ಅವ್ವನೂ ಕಾದು ಕೂತೆವು.

ಬ್ಯಾಗ್ ಮಾತ್ರ ಭರ್ಜರಿಯಾಗಿ ರೆಡಿ ಮಾಡಿದ್ದೆ. ನಾಲ್ಕು ಕಾಟನ್ ಸೀರೆ, ಫ್ಲಾಸ್ಕ್, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಮನೆ ದೇವರ ಫೋಟೋ, ಅವ್ವನ ದಿಂಬು. ಮೊದಲ ಸಲ ರಾತ್ರಿ ಫೋನ್ ಬಂದಾಗ ಅದನ್ನು ಹೊತ್ತುಕೊಂಡು ಓಡಿದೆವು. ಬೆಳಗಿನ ಜಾವ ಡಾಕ್ಟರ್ ಬಂದು, ದಾನಿಯ ಶ್ವಾಸಕೋಶ ಚೆನ್ನಾಗಿಲ್ಲ, ವಾಪಸ್ ಹೋಗಿ ಅಂದರು. ಹೀಗೆ ಆಗೋದು ಸಾಮಾನ್ಯ, ಗಾಬರಿ ಆಗಬೇಡಿ. ಎರಡನೇ ಸಲ ಆಪರೇಷನ್ ಆಯಿತು. ಬ್ಯಾಗ್ ಏನಾಯಿತು ಅಂತೀರಾ? ಐಸಿಯು ಬಾಗಿಲಲ್ಲೇ ನಿಂತಿತು. ಒಳಗೆ ಹೋಗಿದ್ದು ಅವ್ವನ ಕನ್ನಡಕ ಒಂದೇ. ದಿಂಬು ಬೇಡ, ಫೋಟೋ ಬೇಡ, ಮನೆ ಬಟ್ಟೆಯಂತೂ ಬೇಡವೇ ಬೇಡ.

ಅದಕ್ಕೇ ಹೇಳ್ತೀನಿ, ಬ್ಯಾಗಿನ ಚಿಂತೆ ಬಿಡಿ. ಚಾರ್ಜರ್‌ಗೆ ಉದ್ದ ವೈರ್, ಮುಂದೆ ಬಟನ್ ಇರುವ ನೈಟಿ, ಜಾರದ ಚಪ್ಪಲಿ. ಉಳಿದಿದ್ದು ಆಸ್ಪತ್ರೆ ಎದುರಿನ ಅಂಗಡಿಯಲ್ಲೇ ಸಿಗುತ್ತೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಚುಚ್ಚಿದ್ದು ಎರಡನೇ ಸಾಲು. "ಅಣ್ಣನಿಗೆ ಹೊಲದ ಕೆಲಸ, ನಾನೊಬ್ಬಳೇ ಸಾಕಲ್ವಾ?" ಸಾಕಾಗಲ್ಲ. ನಾನು ಎಡವಿದ್ದು ಅಲ್ಲೇ.

ಆಪರೇಷನ್‌ಗೆ ಮೊದಲು ಆಸ್ಪತ್ರೆಯವರು ಮನೆಯವರಿಗೆ ಕ್ಲಾಸ್ ಮಾಡುತ್ತಾರೆ. ಯಾವ ಮಾತ್ರೆ ಯಾಕೆ, ಕೈ ಹೇಗೆ ತೊಳೆಯಬೇಕು, ಯಾವ ಲಕ್ಷಣ ಕಂಡರೆ ಫೋನ್ ಮಾಡಬೇಕು, ಎಲ್ಲ. ನಾನು ಎಲ್ಲದಕ್ಕೂ ಹೋದೆ, ಒಬ್ಬಳೇ. ನೋಟ್‌ಬುಕ್ ತುಂಬ ಬರೆದೆ, ಇಂಗ್ಲಿಷಿನಲ್ಲಿ. ನನಗೆ ಮಾತ್ರ ತಿಳಿಯುವ ಹಾಗೆ, ಅರ್ಧ ಅಕ್ಷರ, ಬಾಣದ ಗುರುತು. ತಮ್ಮ ಆಗಾಗ ಫೋನ್ ಮಾಡಿ "ಅಕ್ಕಾ, ನಾ ಬರ್ಲಾ?" ಅನ್ನುತ್ತಿದ್ದ. ಬೇಡಪ್ಪಾ, ಭತ್ತ ಕೊಯ್ಲಿಗೆ ಬಂದಿದೆ, ನೀನು ಅಲ್ಲಿ ನೋಡ್ಕೋ ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೂ ಇತ್ತು. ಓದಿದವಳು ನಾನೇ ಅಲ್ವಾ.

ಐಸಿಯುನ ಮೊದಲ ದಿನಗಳ ಬಗ್ಗೆ ಜಾಸ್ತಿ ಹೇಳಲ್ಲ, ಹೆದರುತ್ತೀರಿ. ಒಂದು ಮಾತ್ರ. ಬಾಯಲ್ಲಿ ವೆಂಟಿಲೇಟರ್ ಪೈಪ್ ಇರುವಾಗ ಮಾತು ಬರಲ್ಲ. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಗೊತ್ತಿಲ್ಲ, ನರ್ಸ್‌ಗಳದು ತಮಿಳು, ಮಲಯಾಳಂ. ಆಪರೇಷನ್‌ನ ಹಿಂದಿನ ವಾರ ಸುಮ್ನೆ ಕೂತಿದ್ದಾಗ ಒಂದು ರಟ್ಟಿನ ಮೇಲೆ ಚಿತ್ರ ಬರೆದಿದ್ದೆ. ನೋವು, ಕಫ, ಚಳಿ, ತಲೆ ಎತ್ತಿಸಿ, ಬಾಯಾರಿಕೆ. ನರ್ಸ್‌ಗೆ ಕೊಟ್ಟು ಒಳಗೆ ಕಳಿಸಿದೆ. ಅವ್ವ ಮತ್ತೆ ಮತ್ತೆ ಬೆರಳಿಟ್ಟಿದ್ದು ಬಾಯಾರಿಕೆ ಚಿತ್ರದ ಮೇಲೇ ಅಂತೆ. ನೀರು ಕೊಡೋ ಹಾಗಿಲ್ಲ, ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದರು. ಪೈಪ್ ತೆಗೆದ ಮೇಲೆ ಎರಡು ದಿನ ಬೇರೆಯದೇ ಲೋಕದಲ್ಲಿದ್ದಳು. "ಕಾಲುವೆಗೆ ನೀರು ಬಿಟ್ಟಾರ, ಮಂಚದ ಕೆಳಗ ಬರಾಕತ್ತದ, ತಮ್ಮಗ ಹೇಳು" ಅಂತ ನನ್ನ ಕೈ ಹಿಡಿದು ಜಗ್ಗುತ್ತಿದ್ದಳು. ಐಸಿಯುನಲ್ಲಿ ಹೀಗೆ ಭ್ರಮೆ ಬರುವುದು ಮಾಮೂಲಿ. ಬರುತ್ತೆ, ಹೋಗುತ್ತೆ. ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಅವ್ವನ ತಲೆ ಕೆಟ್ಟಿತು ಅಂತ ಕಾರಿಡಾರ್‌ನಲ್ಲಿ ಕೂತು ಅತ್ತಿದ್ದೆ.

ಹನ್ನೊಂದನೇ ದಿನ ವಾರ್ಡಿಗೆ ಬಂದೆವು. ಎಲ್ಲ ಸಲೀಸು. ವಾರ್ಡಿನಲ್ಲಿ ಮಾತ್ರೆ ಕೊಡುವ ಕೆಲಸ ನಿಧಾನಕ್ಕೆ ನಮ್ಮ ಕೈಗೇ ಬಂತು, ಮನೆಗೆ ಹೋಗುವ ಮುಂಚೆ ರೂಢಿ ಆಗಲಿ ಅಂತ. ಹದಿನಾಲ್ಕನೇ ದಿನ ನನಗೆ ಗಂಟಲು ಕೆರೆತ, ಸಂಜೆಗೆ ಜ್ವರ. ಅಷ್ಟೇ. ರೋಗ ನಿರೋಧಕ ಶಕ್ತಿಯನ್ನೇ ಮಾತ್ರೆ ಕೊಟ್ಟು ತಗ್ಗಿಸಿರುವ ರೋಗಿ ಹತ್ತಿರ ಶೀತ ಹಿಡಿದವರು ಸುಳಿಯುವಂತಿಲ್ಲ. ತಮ್ಮ ರಾತ್ರೋರಾತ್ರಿ ಹೊರಟು ಬಂದ. ಬಸ್ಸಿನಿಂದ ಇಳಿದವನು ಸ್ನಾನ ಮಾಡಿ, ಮಾಸ್ಕ್ ಹಾಕಿಕೊಂಡು ನೇರ ವಾರ್ಡಿಗೆ. ನಾನು ರೂಮಿನಿಂದ ಫೋನಿನಲ್ಲೇ ಹೇಳಿದೆ: "ಡಬ್ಬಿ ಮೇಲೆ ಟೈಮ್ ಬರೆದಿದೀನಿ. ಬೆಳಿಗ್ಗೆ 8, ರಾತ್ರಿ 8. ಒಂದು ನಿಮಿಷ ತಪ್ಪಿಸಬೇಡ."

ಅವನು ಒಂದು ನಿಮಿಷವೂ ತಪ್ಪಿಸಲಿಲ್ಲ. ಅಲ್ಲೇ ಕೆಟ್ಟಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ತಾಳ್ಮೆ ಇರಲಿ. ಹೊಸ ಶ್ವಾಸಕೋಶವನ್ನು ದೇಹ ಪರಕೀಯ ಅಂತ ಹೊಡೆಯದ ಹಾಗೆ ತಡೆಯುವ ಮುಖ್ಯ ಮಾತ್ರೆ ಟ್ಯಾಕ್ರೋಲಿಮಸ್. ನಮಗೆ 12 ಗಂಟೆಗೊಮ್ಮೆ ಇತ್ತು. ಅದು ರಕ್ತದಲ್ಲಿ ಕಮ್ಮಿಯಾದರೆ ರಿಜೆಕ್ಷನ್, ಅಂದರೆ ದೇಹ ಹೊಸ ಶ್ವಾಸಕೋಶವನ್ನು ಹೊಡೆಯೋದು. ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು, ಕೈ ನಡುಕ. ನಡುವಿನ ದಾರಿ ಬಹಳ ಸಣ್ಣದು. ಅದಕ್ಕೇ ಪದೇ ಪದೇ ರಕ್ತ ಪರೀಕ್ಷೆ. ಅವರಿಗೆ ಬೇಕಿರುವುದು ತಳದ ಲೆಕ್ಕ. ಅಂದರೆ ರಾತ್ರಿಯ ಮಾತ್ರೆ ಇಳಿದು ಇಳಿದು ಬೆಳಿಗ್ಗೆ ಎಷ್ಟು ಉಳಿದಿದೆ ಅನ್ನೋದು. ಹಾಗಾಗಿ ರಕ್ತ ಮೊದಲು, ಮಾತ್ರೆ ಆಮೇಲೆ. ರಕ್ತ ತೆಗೆಯುವವರು ತಡವಾಗಿ ಬಂದರೆ ಮಾತ್ರೆಯೂ ಕಾಯಬೇಕು. ಮೊದಲೇ ನುಂಗಿದರೆ ಲೆಕ್ಕ ಸುಳ್ಳೇ ಜಾಸ್ತಿ ತೋರಿಸುತ್ತೆ. ಕೆರೆಗೆ ನೀರು ಬಿಟ್ಟು ಆಮೇಲೆ ಕೋಲು ಇಳಿಸಿ ಆಳ ನೋಡಿದ ಹಾಗೆ.

ಇದೆಲ್ಲ ನನಗೆ ಗೊತ್ತಿತ್ತು. ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದು ಎರಡು ಗೆರೆ ಎಳೆದಿದ್ದೆ. ಇಂಗ್ಲಿಷಿನಲ್ಲಿ. ಡಬ್ಬಿಯ ಮೇಲೆ ಇದ್ದದ್ದು ಬರೀ '8'.

ತಮ್ಮ ಎಂಟಕ್ಕೆ ಸರಿಯಾಗಿ ಮಾತ್ರೆ ಕೊಟ್ಟ. ಅವತ್ತು ರಕ್ತ ತೆಗೆಯುವ ಹುಡುಗ ಬಂದಿದ್ದು ಒಂಬತ್ತರ ಹತ್ತಿರ. ಬಂದವನು "ಡೋಸ್ ಪೆಂಡಿಂಗ್?" ಅಂತ ಕೇಳಿದ. ತಮ್ಮನಿಗೆ ಕೇಳಿಸಿದ್ದು 'ಡೋಸ್' ಮಾತ್ರ. ಡೋಸ್ ಆಯ್ತಾ ಅಂತ ಕೇಳ್ತಿದ್ದಾನೆ ಅಂದುಕೊಂಡು "ಹ್ಞೂಂ" ಅಂತ ತಲೆ ಆಡಿಸಿದ. ಹುಡುಗ ಅದನ್ನು 'ಹೌದು, ಇನ್ನೂ ಕೊಟ್ಟಿಲ್ಲ' ಅಂತ ತಿಳಿದ. ಇಬ್ಬರದೂ ತಪ್ಪು ಅನ್ನೋಕೆ ಬರಲ್ಲ ನೋಡಿ. ರಿಪೋರ್ಟ್ ಜಾಸ್ತಿ ಬಂತು, ಡಾಕ್ಟರ್ ಡೋಸ್ ಇಳಿಸಿದರು. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ, ಮತ್ತೆ ಇಳಿಸಿದರು. ಅವ್ವನ ಮೈಯಲ್ಲಿ ನಿಜಕ್ಕೂ ಔಷಧಿ ಕಮ್ಮಿ, ಕಾಗದದಲ್ಲಿ ಜಾಸ್ತಿ.

ಜ್ವರ ಬಿಟ್ಟು, ಡಾಕ್ಟರ್ ಒಪ್ಪಿದ ಮೇಲೆ ನಾನು ವಾಪಸ್ ಹೋದ ದಿನ ಬೆಳಿಗ್ಗೆ ತಮ್ಮ ಮಾತ್ರೆ ಬಿಚ್ಚುತ್ತಿದ್ದ. ರಕ್ತ ತೆಗೆದ್ರಾ ಅಂದೆ. "ಇನ್ನೂ ಇಲ್ಲ, ಅವನು ಲೇಟಾಗಿ ಬರ್ತಾನೆ" ಅಂದ. ನನ್ನ ಕಾಲಿನ ಕೆಳಗಿನ ನೆಲ ಜಾರಿತು. ಓಡಿಹೋಗಿ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವತ್ತಿನ ಸರಿಯಾದ ಲೆಕ್ಕ ಬಂತು, ತೀರಾ ಕಮ್ಮಿ. ಅಷ್ಟರಲ್ಲಿ ಊದುವ ಪರೀಕ್ಷೆಯಲ್ಲೂ ಉಸಿರು ಇಳಿದಿತ್ತು. ಪೈಪ್ ಇಳಿಸಿ ಶ್ವಾಸಕೋಶದ ಚೂರು ತೆಗೆದು ನೋಡಿದರು, ರಿಜೆಕ್ಷನ್. ಮೂರು ದಿನ ಜೋರು ಸ್ಟೀರಾಯ್ಡ್ ಇಂಜೆಕ್ಷನ್. ಶುಗರ್ ಏರಿ ಇನ್ಸುಲಿನ್ ಶುರು. ಮೂರನೇ ವಾರದ ಕೊನೆಗೆ ಮನೆಗೆ ಹೋಗಬಹುದು ಅಂದಿದ್ದವರು ಬಿಟ್ಟಿದ್ದು 41ನೇ ದಿನ. ಮೊದಲ ತಿಂಗಳುಗಳಲ್ಲಿ ರಿಜೆಕ್ಷನ್ ಸುಮ್ನೆಯೂ ಬರಬಹುದು, ಅದೊಂದೇ ಕಾರಣ ಅನ್ನೋಕಾಗಲ್ಲ ಅಂತ ಡಾಕ್ಟರ್ ಸಮಾಧಾನ ಹೇಳಿದರು. ಒಳ್ಳೆಯವರು. ತಮ್ಮ ಮಾತ್ರ ಮೆಟ್ಟಿಲ ಮೇಲೆ ಕೂತು ಎರಡು ದಿನ ಊಟ ಮಾಡಲಿಲ್ಲ. "ನಿನಗೆ ಹೇಳಿಕೊಡದೇ ಇದ್ದವಳು ನಾನು" ಅಂದರೂ ಕೇಳಲಿಲ್ಲ.

ಆಮೇಲೆ ಮಾಡಿದ ಕೆಲಸವನ್ನು ನೀವು ಮೊದಲೇ ಮಾಡಿ. ಒಂದು ದಪ್ಪ ನೋಟ್‌ಬುಕ್, ಪೂರ್ತಿ ಕನ್ನಡದಲ್ಲಿ. ಮೊದಲ ಪುಟದಲ್ಲಿ 'ರಕ್ತ ತೆಗೆದರಾ? ಆಮೇಲೆ ಮಾತ್ರೆ' ಅಂತ ಕೆಂಪು ಪೆನ್ನಿನಲ್ಲಿ. ತಮ್ಮನಿಂದಲೇ ಬರೆಸಿದೆ, ಅವನ ಕೈಬರಹ ಅವನಿಗೆ ಅರ್ಥ ಆಗಲಿ ಅಂತ. ಎಲ್ಲ ಡಬ್ಬಿಯಲ್ಲೂ ಮಾತ್ರೆ ಅವನೇ ತುಂಬಿದ, ನಾನು ನೋಡಿದೆ. ಕ್ಲಾಸಿಗೂ ಇನ್ನೊಂದು ಸಲ ಅವನನ್ನು ಕೂರಿಸಿಕೊಳ್ಳಿ ಅಂತ ಕೇಳಿದೆ, ಖುಷಿಯಿಂದ ಒಪ್ಪಿದರು.

ಅಮ್ಮನ ಬಗ್ಗೆ ಒಂದೆರಡು ಮಾತು. ಬಳೆ, ಕಾಲುಂಗುರ ಈಗಲೇ ತೆಗೆಸಿ. ನಮ್ಮ ಅವ್ವ ಹಸಿರು ಬಳೆ ಬಿಚ್ಚಲ್ಲ ಅಂತ ಹಟ ಹಿಡಿದಳು. ಕೊನೆಗೆ ಆಪರೇಷನ್ ರಾತ್ರಿ ನರ್ಸ್ ಬಟ್ಟೆ ಸುತ್ತಿ ಒಡೆದರು. ಗಾಜಿನ ಆ ಸದ್ದು ಅವಳಿಗೆ ಎಷ್ಟು ಕೆಟ್ಟದ್ದು ಅನ್ನಿಸಿತೋ! ಉದ್ದ ಕೂದಲಿದ್ದರೆ ಎರಡು ಬಿಗಿ ಜಡೆ ಹಾಕಿ ಕಳಿಸಿ. ನಾವು ತುರುಬು ಕಟ್ಟಿ ಕಳಿಸಿದ್ದೆವು, ಹತ್ತು ದಿನಕ್ಕೆ ಗಂಟುಗಟ್ಟಿ ಅರ್ಧ ಕತ್ತರಿಸಬೇಕಾಯಿತು. ಕೈ ಊರದೆ ಕುರ್ಚಿಯಿಂದ ಏಳೋದನ್ನ ಫಿಸಿಯೋ ಅವರನ್ನು ಕೇಳಿ ಈಗಿನಿಂದಲೇ ಕಲಿಸಿ, ಆಕ್ಸಿಜನ್ ಹಾಕಿಕೊಂಡೇ. ಎದೆ ತೆರೆದ ಮೇಲೆ ಕೈ ಮೇಲೆ ಭಾರ ಹಾಕೋಕೆ ಬಿಡಲ್ಲ. ನೆಂಟರಿಗೆ ಮೊದಲೇ ಹೇಳಿಡಿ, ಹಸಿ ಹಕ್ಕರಕಿ ಸೊಪ್ಪು, ಮೊಳಕೆ ಕಾಳು, ಹೊರಗೆ ಹೆಚ್ಚಿಟ್ಟ ಹಣ್ಣು ಯಾವುದೂ ತರಬಾರದು. ಚಕ್ಕೋತ ಹಣ್ಣಂತೂ ಟ್ಯಾಕ್ರೋಲಿಮಸ್ ಮಾತ್ರೆಯ ಜೊತೆ ಬಿಲ್‌ಕುಲ್ ಆಗಲ್ಲ, ರಕ್ತದಲ್ಲಿ ಅದರ ಮಟ್ಟ ಏರಿಸಿಬಿಡುತ್ತೆ. ದೊಡ್ಡಮ್ಮ ಒಂದು ಚೀಲ ತುಂಬಿಕೊಂಡು ಬಂದಿದ್ದರು, ಪಾಪ.

ನಿಮ್ಮಣ್ಣನಿಗೆ ಇವತ್ತೇ ಫೋನ್ ಮಾಡಿ. ಕೊಯ್ಲು ಮುಗೀಲಿ, ಆಮೇಲೆ ಬರ್ತೀನಿ ಅಂತಾರೆ. ಹೊಲವನ್ನು ಹದಿನೈದು ದಿನ ಯಾರಿಗಾದರೂ ವಹಿಸಿ ಬಾ ಅನ್ನಿ. ನನ್ನ ತಮ್ಮ ಆ ಸಲ ಭತ್ತ ಹಾಗೇ ಬಿಟ್ಟು ಬಂದಿದ್ದ. ಅರ್ಧ ನೆಲಕ್ಕೆ ಉದುರಿತ್ತು, ಅದನ್ನು ನನಗೆ ಹೇಳಿದ್ದು ಮಾತ್ರ ಮುಂದಿನ ಯುಗಾದಿಗೆ.