‘ಎಷ್ಟು ಆಪರೇಷನ್ ಮಾಡಿದ್ದೀರಿ’ ಅಂತ ಡಾಕ್ಟರನ್ನು ಕೇಳಬಹುದಾ?

ಚಿತ್ತಾಪುರದ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ಮನೆಯವರಿಗೆ ಒಂಬತ್ತು ವರ್ಷದಿಂದ ಎದೆ ಉರಿ, ಹುಳಿ ತೇಗು. ಗುಳಿಗೆ ಬಿಟ್ಟರೆ ನಾಲ್ಕೇ ದಿನಕ್ಕೆ ಮತ್ತೆ ಶುರು. ಕಲಬುರಗಿಯ ಡಾಕ್ಟರು ದುರ್ಬೀನ್ ಆಪರೇಷನ್ ಮಾಡೋಣ ಅಂದಿದ್ದಾರೆ. ಅವರು ವಯಸ್ಸಿನಲ್ಲಿ ಚಿಕ್ಕವರು. ಹೈದರಾಬಾದಿಗೆ ಹೋಗೋಣ ಅಂತ ಮೈದುನ ಹಟ ಹಿಡಿದಿದ್ದಾನೆ. ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ ಅಂತ ಡಾಕ್ಟರನ್ನು ಕೇಳಿದರೆ ತಪ್ಪಾಗುತ್ತಾ?”

ತಪ್ಪಿಲ್ಲ ಅಕ್ಕಾವ್ರೆ, ಕೇಳಿ. ಬೇರೆ ಆಪರೇಷನ್‌ಗಿಂತ ಇದಕ್ಕೆ ಈ ಪ್ರಶ್ನೆ ಜಾಸ್ತಿ ಬೇಕು.

ಯಾಕೆ ಅಂತ ಹೇಳುತ್ತೇನೆ. ಈ ಆಪರೇಷನ್‌ನಲ್ಲಿ ಜಠರದ ಮೇಲ್ಭಾಗವನ್ನು ಅನ್ನನಾಳದ ಕೆಳತುದಿಗೆ, ಕೊರಳಿಗೆ ಟವೆಲ್ ಸುತ್ತಿದ ಹಾಗೆ ಸುತ್ತಿ ಹೊಲಿಯುತ್ತಾರೆ. ಹುಳಿ ಮೇಲೆ ಬರದಂತೆ ಅದೇ ತಡೆ. ರುಡಾಲ್ಫ್ ನಿಸ್ಸೆನ್ ಎಂಬ ಸರ್ಜನ್ ಇದನ್ನು ಮೊದಲು ಮಾಡಿದ್ದು 1955ರಲ್ಲಿ, ಹೊಟ್ಟೆ ಕೊಯ್ದು. ದುರ್ಬೀನ್ ಹಾಕಿ ಸಣ್ಣ ತೂತುಗಳಿಂದಲೇ ಮಾಡುವುದು ಶುರುವಾಗಿದ್ದು 1991ರಲ್ಲಿ. ಬೆಲ್ಜಿಯಂನ ಬರ್ನಾರ್ಡ್ ಡಲ್ಮಾನ್ಯ ಅದನ್ನು ಮೊದಲು ಮಾಡಿ ತೋರಿಸಿದವರಲ್ಲಿ ಒಬ್ಬರು. ಸುತ್ತು ಬಿಗಿಯಾದರೆ ರೊಟ್ಟಿ ಇಳಿಯುವುದಿಲ್ಲ. ಸಡಿಲಾದರೆ ಹುಳಿ ಮತ್ತೆ ಬರುತ್ತದೆ. ಎರಡರ ನಡುವೆ ಇರುವ ಜಾಗ ಬಹಳ ಸಣ್ಣದು.

ನನ್ನ ಅಣ್ಣನಿಗೆ ಬೇರೊಂದು ಊರಲ್ಲಿ ಇದೇ ಆಪರೇಷನ್ ಆಗಿತ್ತು. ಬಿಗಿಯಾಗಿಬಿಟ್ಟಿತ್ತು. ಮೊದಲ ಕೆಲವು ವಾರ ನುಂಗಲು ಕಷ್ಟ ಆಗುವುದು ಸಾಮಾನ್ಯ, ಅದು ಡಾಕ್ಟರ ತಪ್ಪಲ್ಲ. ಅಣ್ಣನಿಗೆ ಮಾತ್ರ ತಿಂಗಳುಗಳು ಕಳೆದರೂ ಹಾಲಲ್ಲಿ ನೆನೆಸಿದ ರೊಟ್ಟಿ ಸಹ ಎದೆಯಲ್ಲೇ ನಿಲ್ಲುತ್ತಿತ್ತು. ಕೊನೆಗೆ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಎರಡನೇ ಸಲ ಮಾಡಿದ ಡಾಕ್ಟರು ಆಪರೇಷನ್ ವಿಡಿಯೋವನ್ನೇ ನಮಗೆ ತೋರಿಸಿದರು. ಜಠರದ ತುದಿಯನ್ನು ಅನ್ನನಾಳದ ಹಿಂದಿನಿಂದ ತಂದು, ಎರಡೂ ಕಡೆ ಹಿಡಿದು, ಕಡಗೋಲಿನ ಹಗ್ಗ ಎಳೆದ ಹಾಗೆ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಜಗ್ಗಿದರು. ಸರಾಗ ಸರಿದಾಡಿತು. ಆಮೇಲೆ ಕೈ ಬಿಟ್ಟರು. ಅದು ಅಲ್ಲೇ ಸುಮ್ನೆ ಉಳಿಯಿತು. “ಬಿಟ್ಟ ಕೂಡಲೇ ಹಿಂದಕ್ಕೆ ಓಡಿದರೆ ಜಗ್ಗಾಟ ಇದೆ ಅಂತ ಅರ್ಥ. ಆಗ ಹೊಲಿಯಬಾರದು” ಎಂದರು. ಹೊಲಿಗೆಗೆ ಮುಂಚಿನ ಆ ಅರ್ಧ ನಿಮಿಷವನ್ನು ನಾನು ಮರೆತಿಲ್ಲ.

ಆ ಅಂದಾಜು ಓದಿನಿಂದ ಬರುವುದಿಲ್ಲ. ಇಲ್ಲಿ ಸರ್ಜನ್ನರ ಬೆರಳು ಒಳಗಿನದನ್ನು ಮುಟ್ಟುವುದೇ ಇಲ್ಲ. ಉದ್ದನೆಯ ಸಲಕರಣೆ ಹಿಡಿದು, ಟಿವಿ ಪರದೆ ನೋಡುತ್ತಾ ಹೊಲಿಯಬೇಕು. ಕೈ ಬಲಕ್ಕೆ ಹೋದರೆ ಒಳಗಿನ ತುದಿ ಎಡಕ್ಕೆ ಹೋಗುತ್ತದೆ. ಪಕ್ಕದಲ್ಲೇ ಗುಲ್ಮ (ಸ್ಪ್ಲೀನ್) ಇದೆ, ಜಠರಕ್ಕೆ ಹೋಗುವ ಮುಖ್ಯ ನರ ಇದೆ.

ಎಷ್ಟು ಮಾಡಿದರೆ ಕೈ ಕುದುರುತ್ತದೆ? ಆಸ್ಟ್ರೇಲಿಯಾದ ಅಡಿಲೇಡ್‌ನ ಡೇವಿಡ್ ವಾಟ್ಸನ್ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕಿ 1996ರಲ್ಲಿ ಪ್ರಕಟಿಸಿದರು. 11 ಸರ್ಜನ್ನರು, 280 ರೋಗಿಗಳು. ಒಬ್ಬೊಬ್ಬ ಸರ್ಜನ್ನರ ಮೊದಲ 20 ಆಪರೇಷನ್‌ಗಳಲ್ಲಿ ತೊಂದರೆ, ಮರು ಆಪರೇಷನ್, ನಡುವೆಯೇ ಹೊಟ್ಟೆ ತೆರೆಯಬೇಕಾಗಿ ಬಂದದ್ದು, ಎಲ್ಲವೂ ಜಾಸ್ತಿ. ಮೊದಲ 5ರಲ್ಲಂತೂ ಇನ್ನೂ ಜಾಸ್ತಿ. ಇಡೀ ತಂಡದ ಲೆಕ್ಕಕ್ಕೆ ಬಂದರೆ ಮೊದಲ 50 ಕಷ್ಟದವು.

ಆದರೆ ನಿಮಗೆ ಬೇಕಾದ ಮಾತು ಅದರ ನಂತರದ್ದು. ತಂಡ ಪಳಗಿದ ಮೇಲೆ ಸೇರಿದ ಹೊಸಬರಿಗೆ ಅಷ್ಟು ತೊಂದರೆ ಆಗಲಿಲ್ಲ. ಅನುಭವಸ್ಥರೊಬ್ಬರು ಪಕ್ಕದಲ್ಲಿ ನಿಂತು ಕಲಿಸಲು ಇದ್ದರಲ್ಲ, ಅದಕ್ಕೆ. ಹಾಗಾಗಿ ಡಾಕ್ಟರ ವಯಸ್ಸು ನೋಡಿ ಹೆದರಬೇಡಿ. ಒಬ್ಬರೇ ಮಾಡುವ ಹೊಸಬರು ಬೇರೆ, ಗುರುಗಳು ಜೊತೆಗಿರುವ ಹೊಸಬರು ಬೇರೆ. ಯಾರೋ ಒಬ್ಬರು ಆ ಮೊದಲ 20ರಲ್ಲಿ ಇರಲೇಬೇಕು, ನಿಜ. ಆದರೆ ಅದು ಆ ರೋಗಿಗೆ ಗೊತ್ತಿರಬೇಕು, ಅಲ್ವಾ? ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ.

ಕೇಳುವಾಗ ಬಿಡಿಸಿ ಕೇಳಿ. ಲ್ಯಾಪ್ರೋಸ್ಕೋಪಿ, ಅಂದರೆ ದುರ್ಬೀನ್ ಆಪರೇಷನ್, ಒಟ್ಟು ಎಷ್ಟು ಮಾಡಿದ್ದೀರಿ ಅಂತಲ್ಲ. ಪಿತ್ತಕೋಶದ್ದನ್ನು ನೂರಾರು ಮಾಡಿದವರೂ ಇದನ್ನು ಕೆಲವೇ ಮಾಡಿರಬಹುದು. “ಇದೇ ಆಪರೇಷನ್ ಎಷ್ಟು? ಅವರಲ್ಲಿ ಎಷ್ಟು ಜನರಿಗೆ ಎರಡನೇ ಸಲ ಮಾಡಬೇಕಾಯಿತು? ನಮ್ಮವರಿಗೆ ಮಾಡುವಾಗ ನಿಮ್ಮ ಜೊತೆ ಯಾರಿರುತ್ತಾರೆ?” ಇಷ್ಟು ಸಾಕು. ಎಂಡೋಸ್ಕೋಪಿ ಆಗಿದೆಯೇ, ಅನ್ನನಾಳದ ಒತ್ತಡದ ಪರೀಕ್ಷೆ ಮತ್ತು 24 ಗಂಟೆಯ ಆಮ್ಲ ಪರೀಕ್ಷೆ ಬೇಕೇ ಎಂದೂ ವಿಚಾರಿಸಿ. ಯಾರಿಗೆ ಮಾಡಬಾರದು ಅಂತ ಗುರುತಿಸುವುದೂ ಅನುಭವದ ಒಂದು ಭಾಗ. ಒಳ್ಳೆಯ ಡಾಕ್ಟರು ಇದಕ್ಕೆಲ್ಲ ಸಿಟ್ಟಾಗುವುದಿಲ್ಲ.

ಕಲಬುರಗಿಯಲ್ಲೇ ನೆಟ್ಟಗೆ ಉತ್ತರ ಸಿಕ್ಕರೆ ಹೈದರಾಬಾದ್ ಬೇಕಿಲ್ಲ. ಆಪರೇಷನ್ ಆದ ಮೇಲೆ ಕೆಲವು ವಾರ ಗಂಜಿ, ಅಂಬಲಿ, ಮೆತ್ತಗಿನ ಅನ್ನ. ರೊಟ್ಟಿ ಡಾಕ್ಟರು ಹೂಂ ಅಂದ ಮೇಲೆಯೇ. ರಾತ್ರಿ ಹೊತ್ತು ಗಂಟಲಲ್ಲಿ ಏನಾದರೂ ನಿಂತರೆ ಹತ್ತಿರದ ಡಾಕ್ಟರೇ ಬೇಕಾಗುತ್ತಾರೆ. ಉತ್ತರ ಸಿಗದಿದ್ದರೆ ಮಾತ್ರ ಮೈದುನನ ಮಾತು ಕೇಳಿ. ಅಲ್ಲಿಯೂ ಇವೇ ಪ್ರಶ್ನೆ ಕೇಳಿ. ಡಾಕ್ಟರು ಏನೆಂದರು ಅಂತ ನನಗೆ ಒಂದು ಕಾಗದ ಬರೆಯಿರಿ.

– ಸಂಪಾದಕ